ಕಾಪಿ ಬರೆಸದ ಕಾಪಿಕಾಡ್ ಟ್ಯೂಷನ್

ಮೊದಲೇ ಹೇಳಿಬಿಡುತ್ತೇನೆ, ಕಾಗುಣಿತ ತಿದ್ದುವುದೇ ನನ್ನ ಹೊಟ್ಟೆಪಾಡು. ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ 19 ವರ್ಷದಿಂದ ಪ್ರೂಫ್ ನೋಡುತ್ತಿದ್ದೇನೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಸಹಕಾರಿ ಸಂಘದ ವಾರ್ಷಿಕ ವರದಿ, ಯಾವುದು ಬಂದರೂ ಕೆಂಪು ಪೆನ್ನು ಹಿಡಿದು ಕೂರುತ್ತೇನೆ. ಅಂಥವನ ಮಗಳಿಗೆ ಮೂರನೇ ಕ್ಲಾಸಿನ ಸ್ಪೆಲ್ಲಿಂಗ್ ಟೆಸ್ಟಿನಲ್ಲಿ 10ಕ್ಕೆ 4. ಪ್ರೆಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ.

ನನಗೆ ಗೊತ್ತಿದ್ದ ಮದ್ದು ಒಂದೇ, ಕಾಪಿ. ನಾವೆಲ್ಲ ಕಾಪಿ ಬರೆದೇ ದೊಡ್ಡವರಾದದ್ದು ಅಲ್ವಾ? ತಪ್ಪಿದ ಶಬ್ದವನ್ನು 10 ಸಲ ಬರಿ ಅಂತ ಕೂರಿಸಿದೆ. ಅಳು, ಜಗಳ, ಪೆನ್ಸಿಲ್ ಚೂಪು ಮಾಡಲು ಅರ್ಧ ಗಂಟೆ. ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಕುಕ್ಕರ್ ಇಟ್ಟು ಅಡುಗೆಮನೆ ಸೇರುತ್ತಿದ್ದಳು. ಒಂದು ದಿನ ಮೆಲ್ಲ ಹಿಂದಿನಿಂದ ಹೋಗಿ ನೋಡಿದೆ. ಮಗಳು 'ಫ್ರೆಂಡ್' ಬರೆಯುತ್ತಿದ್ದಳು. ಮೊದಲು ಮೇಲಿಂದ ಕೆಳಗೆ 10 ಎಫ್. ಅದರ ಪಕ್ಕ 10 ಆರ್. ಗೋಡೆಗೆ ಸುಣ್ಣ ಬಳಿದ ಹಾಗೆ. ಆಮೇಲೆ ಐ ಬರಬೇಕಾದಲ್ಲಿ 10 ಇ, ಇ ಬರಬೇಕಾದಲ್ಲಿ 10 ಐ. ಅಂದರೆ 10ಕ್ಕೆ 10 ಸಲವೂ ತಪ್ಪನ್ನೇ ಬಾಯಿಪಾಠ ಮಾಡಿಸಿದ್ದೆ ನಾನು!

ನಮ್ಮಲ್ಲಿ ಡಿಟಿಪಿ ಮಾಡುವವರೊಬ್ಬರು ಬಿಜೈ ಕಾಪಿಕಾಡಿನ ಈ ಟ್ಯೂಷನ್ ಹೇಳಿದರು. ನಿವೃತ್ತ ಟೀಚರೊಬ್ಬರ ಮನೆ. ಚಾವಡಿಯಲ್ಲಿ ಚಾಪೆ ಹಾಸಿ 11 ಮಕ್ಕಳನ್ನು ಕೂರಿಸುತ್ತಾರೆ. ಬೋರ್ಡು ಇಲ್ಲ, ಹೆಸರೂ ಇಲ್ಲ. ಮಗಳಿಗೆ ಹೇಳಿದಾಗ ಅವಳ ಮೊದಲ ಪ್ರಶ್ನೆ: "ಕಾಪಿಕಾಡಾ? ಪಪ್ಪ, ಅಲ್ಲಿ ಕಾಡು ತುಂಬಾ ಕಾಪಿಯಾ?"

ಕಾಪಿ ಇಲ್ಲ. ಅದೇ ಅಲ್ಲಿಯ ವಿಶೇಷ. ಶನಿವಾರ ಮಕ್ಕಳ ಕೈಗೆ 10 ಶಬ್ದ ಮತ್ತು ಒಂದು ಹಾಳೆ ಕೊಡುತ್ತಾರೆ. ಹಾಳೆಯಲ್ಲಿ 9 ಚೌಕ, ಸೊನ್ನೆ-ಕತ್ತರಿ ಆಟದ ಹಾಗೆ. ಒಂದೊಂದು ಚೌಕದಲ್ಲಿ ಒಂದೊಂದು ಕೆಲಸ. ಶಬ್ದವನ್ನು ಮೆಟ್ಟಿಲಿನ ಹಾಗೆ ಒಂದೊಂದೇ ಅಕ್ಷರ ಸೇರಿಸುತ್ತಾ ಬರಿ. ಬಟ್ಟಲಲ್ಲಿ ಅಕ್ಕಿ ಹರಡಿ ಬೆರಳಿನಿಂದ ಬರಿ. ಹಳೇ ಪೇಪರಿನಿಂದ ಅಕ್ಷರ ಕತ್ತರಿಸಿ ಅಂಟಿಸು. ಮೂರು ಬಣ್ಣದ ಪೆನ್ಸಿಲಿನಲ್ಲಿ ಒಂದರ ಮೇಲೊಂದು ಬರಿ. ಕುಂಟಾಬಿಲ್ಲೆ ಮನೆ ಬರೆದು ಅಕ್ಷರಕ್ಕೊಂದು ಹಾರು. ಮನೆಯವರಿಗೆ ನೀನೇ ಡಿಕ್ಟೇಶನ್ ಕೊಟ್ಟು ತಿದ್ದು. ಹೀಗೆ. ಒಂದೇ ಗೆರೆಯಲ್ಲಿ ಬರುವ ಮೂರು ಚೌಕ ಆರಿಸಿಕೊಂಡು ಶುಕ್ರವಾರದೊಳಗೆ ಮುಗಿಸಬೇಕು. ಯಾವ ಗೆರೆ ಅನ್ನುವುದು ಮಕ್ಕಳಿಗೆ ಬಿಟ್ಟದ್ದು.

ಆದರೆ ಒಂದು ಷರತ್ತು ಉಂಟು. ಗೆರೆ ನಡುವಿನ ಚೌಕ ದಾಟಲೇಬೇಕು. ನಡುವಿನ ಚೌಕದಲ್ಲಿ ಇರುವುದು ಇಷ್ಟೇ: ನೋಡು, ಮುಚ್ಚು, ಬರಿ, ತಾಳೆ ನೋಡು. ಪ್ರೂಫ್ ನೋಡುವವನ ಬುದ್ಧಿ, ನಾನು ಕೂತು ಲೆಕ್ಕ ಹಾಕಿದೆ. ನಡು ದಾಟುವ ಗೆರೆ ನಾಲ್ಕೇ. ಅಡ್ಡ ಒಂದು, ಉದ್ದ ಒಂದು, ಮೂಲೆಯಿಂದ ಮೂಲೆಗೆ ಎರಡು. ಅಂದರೆ 9 ಚೌಕ ತೋರಿಸಿ ಕೊಡುವ ಆಯ್ಕೆ ನಾಲ್ಕು. ಮಕ್ಕಳಿಗೆ ಅದು ಗೊತ್ತಾಗುವುದಿಲ್ಲ. ಶನಿವಾರ ರಾತ್ರಿ ನಮ್ಮನೆಯಲ್ಲಿ ಹಾಳೆ ಹಿಡಿದುಕೊಂಡು ನಡೆಯುವ ಆಲೋಚನೆ ನೋಡಬೇಕು, ಚಿನ್ನದಂಗಡಿಯಲ್ಲಿ ಬಳೆ ಆರಿಸಿದ ಹಾಗೆ.

ಷರತ್ತು ಯಾಕೆ ಅಂತ ಟೀಚರನ್ನು ಕೇಳಿದೆ. "ಬಣ್ಣ ಹಾಕುವಾಗ ಮಕ್ಕಳು ಬಣ್ಣ ನೋಡ್ತಾರೆ ಮಾರಾಯ್ರೆ, ಅಕ್ಷರ ಎಲ್ಲಿ ನೋಡ್ತಾರೆ? ಒಮ್ಮೆಯಾದ್ರೂ ಮುಚ್ಚಿ ನೆನಪಿನಿಂದ ತೆಗೀಬೇಕಲ್ಲ" ಅಂದರು. ಸರಿ ಅನಿಸಿತು. ಕಣ್ಣೆದುರು ಶಬ್ದ ಇಟ್ಟುಕೊಂಡು 10 ಸಲ ಬರೆಯುವುದಕ್ಕೂ, ಮುಚ್ಚಿಟ್ಟು ಒಂದು ಸಲ ಬರೆಯುವುದಕ್ಕೂ ಇರುವ ವ್ಯತ್ಯಾಸ ಈಗ ಕಣ್ಣಾರೆ ಕಂಡಿದ್ದೇನೆ. ಹಾಗೆ ನೋಡಿದರೆ ಬಣ್ಣದ ಚೌಕವನ್ನು ತೆಗೆದೇ ಬಿಡಬಹುದಿತ್ತು. ಸುಮ್ನೆ ಪೆನ್ಸಿಲ್ ಖರ್ಚು. ಕತ್ತರಿಸಿ ಅಂಟಿಸುವುದೂ ಅಷ್ಟೇ, ಒಂದು ಗಂಟೆಗೆ ಮೂರು ಶಬ್ದ. ನಾನಿನ್ನೂ ಓದಿರದ ಅವತ್ತಿನ ಪೇಪರಿನ ಮುಖಪುಟಕ್ಕೇ ಒಮ್ಮೆ ಕತ್ತರಿ ಬಿತ್ತು.

ಅಕ್ಕಿಯ ಚೌಕ ಬೇರೆ. ಅದು ಮನೆಯವರಿಗೆಲ್ಲ ಇಷ್ಟ. ವಿಜಯದಶಮಿಗೆ ದೇವಸ್ಥಾನದಲ್ಲಿ ಇವಳ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸಿದ್ದು ನನ್ನ ಅಮ್ಮನೇ. ಈಗ 'ನೈಫ್' ಬರೆಯುವಾಗಲೂ ಬಟ್ಟಲಿನ ಪಕ್ಕ ಅವರೇ ಕೂರುತ್ತಾರೆ. ಆ ಶಬ್ದಕ್ಕೆ ಮುಂದೊಂದು ಕೆ ಯಾಕೆ ಅಂತ ಮಗಳು ಟೀಚರನ್ನು ಕೇಳಿದ್ದಳಂತೆ. ಹಳೇ ಕಾಲದ ಇಂಗ್ಲಿಷಿನಲ್ಲಿ ಆ ಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬಾಯಿಂದ ಹೋದರೂ ಬರಹದಲ್ಲಿ ಉಳಿಯಿತು ಎಂದು ವಿವರಿಸಿದರಂತೆ. ಈಗ ಅವಳು ನೆನಪಿಟ್ಟುಕೊಳ್ಳಲು 'ಕ್ನೈಫ್' ಅನ್ನುತ್ತಾಳೆ. 'ವೆಡ್-ನೆಸ್-ಡೇ' ಅನ್ನುತ್ತಾಳೆ. ನನಗೆ ಖುಷಿ ಕೊಟ್ಟದ್ದು 'ಐಲ್ಯಾಂಡ್'. ಅದರಲ್ಲಿರುವ ಎಸ್ ಮೊದಲು ಇರಲೇ ಇಲ್ಲವಂತೆ. ಅದೇ ಅರ್ಥದ 'ಐಲ್' ಎಂಬ ಇನ್ನೊಂದು ಶಬ್ದಕ್ಕೂ ಇದಕ್ಕೂ ನಂಟು ಉಂಟೆಂದು ತಪ್ಪು ತಿಳಿದು ಸೇರಿಸಿದ್ದು, ಅದೇ ನಿಂತುಬಿಟ್ಟಿತು. ಮನೆಗೆ ಬಂದು ಡಿಕ್ಷನರಿ ತೆಗೆದು ನೋಡಿದೆ, ನಿಜ. ಯಾರೂ ತಿದ್ದದೆ ಬಿಟ್ಟ ತಪ್ಪೇ ಸರಿಯಾದ ಸ್ಪೆಲ್ಲಿಂಗ್ ಆಗಿದೆ! ನಮ್ಮ ಪ್ರೆಸ್ಸಿನಲ್ಲಿ ಹೀಗೆ ಬಿಟ್ಟರೆ ಸಂಬಳ ಹಿಡಿಯುತ್ತಾರೆ.

ಎಲ್ಲಕ್ಕಿಂತ ಒಳ್ಳೆಯ ಚೌಕ ಯಾವುದು ಅಂದರೆ ಡಿಕ್ಟೇಶನ್ ಕೊಡುವುದು. ಮಗಳು ಹೇಳುತ್ತಾಳೆ, ನಾನು ಬರೆಯುತ್ತೇನೆ, ಬೇಕೆಂದೇ ಮೂರೋ ನಾಲ್ಕೋ ತಪ್ಪು ಮಾಡುತ್ತೇನೆ. ಅವಳು ನನ್ನದೇ ಕೆಂಪು ಪೆನ್ನಿನಲ್ಲಿ ತಿದ್ದುತ್ತಾಳೆ. ನಮ್ಮ ಕಸುಬಿನ ಗುರುತುಗಳನ್ನೂ ಹೇಳಿಕೊಟ್ಟೆ. ಬೇಡದ ಅಕ್ಷರಕ್ಕೆ ಬಾಲ ಸುತ್ತಿದ ಗೆರೆ. ಬಿಟ್ಟುಹೋದದ್ದಕ್ಕೆ ಕೆಳಗಿನಿಂದ ಬಾಣದ ತುದಿ. ಅದಲುಬದಲಾದ ಅಕ್ಷರಕ್ಕೆ ಒಂದರ ಮೇಲೆ, ಇನ್ನೊಂದರ ಕೆಳಗೆ ಹರಿಯುವ ಹಾವು. 'ಫ್ರೆಂಡ್' ಶಬ್ದವನ್ನು ಅವಳ ಹಳೇ ತಪ್ಪಿನಲ್ಲೇ ಬರೆದುಕೊಟ್ಟೆ. ಎರಡು ಸೆಕೆಂಡು ನೋಡಿ, ಹಾವು ಎಳೆದಳು. ಆಮೇಲೆ ಆ ಶಬ್ದ ತಪ್ಪಿಲ್ಲ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಕನ್ನಡದ 10 ಶಬ್ದ ಅವರ ಪಾಲಿಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಒಂದು ತಪ್ಪೂ ಮಾಡಲಿಲ್ಲ. ಮಗಳಿಗೆ ಎಷ್ಟು ಬೇಜಾರು! "ಅಜ್ಜಿ, ಒಂದಾದ್ರೂ ತಪ್ಪು ಮಾಡಿ" ಅಂತ ಬೇಡಿಕೊಂಡಳು. ಅಮ್ಮನಿಗೆ ಬೇಕೆಂದೇ ತಪ್ಪು ಬರೆಯಲು ಕೈ ಬರುವುದಿಲ್ಲವಂತೆ.

ಇಲ್ಲಿಗೆ ಹೊಗಳಿಕೆ ಮುಗಿಯಿತು. ನನ್ನ ದೊಡ್ಡ ತಕರಾರು ಕನ್ನಡದ ಹಾಳೆಯ ಬಗ್ಗೆ. ಅದು ಇಂಗ್ಲಿಷ್ ಹಾಳೆಯ ತದ್ರೂಪು. ಮೆಟ್ಟಿಲು ಬರೆಯುವುದನ್ನೇ ನೋಡಿ. ಇಂಗ್ಲಿಷಿನಲ್ಲಿ 'ಐಲ್ಯಾಂಡ್' ಅಂದರೆ ಆರು ಮೆಟ್ಟಿಲು, ಎಸ್ ಹತ್ತದೆ ಮೇಲೆ ಹೋಗಲು ದಾರಿಯಿಲ್ಲ. ಕನ್ನಡದ 'ಪುಸ್ತಕ' ಮೂರೇ ಮೆಟ್ಟಿಲು: ಪು, ಪುಸ್ತ, ಪುಸ್ತಕ. ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ಅದು ಒಂದೇ ಹೆಜ್ಜೆಗೆ ದಾಟಿಹೋಗುತ್ತದೆ. ಪೇಪರಿನಿಂದ ಕತ್ತರಿಸುವುದಂತೂ ಆಗದ ಮಾತು. ಎಫ್, ಆರ್ ಎಲ್ಲಿ ಬೇಕಾದರೂ ಸಿಗುತ್ತದೆ, 'ತ್ಸ್ಯ' ಹುಡುಕಿ ಕೊಡಿ ನೋಡುವ! 'ಮತ್ಸ್ಯ' ಶಬ್ದಕ್ಕಾಗಿ ನಾವು ಮೂವರು ಸೇರಿ ಒಂದು ಭಾನುವಾರ ಕಳೆದೆವು. ಕೊನೆಗೆ ಮೀನುಗಾರರ ಸಂಘದ ಹಳೇ ಕರಪತ್ರದಲ್ಲಿ ಇಡೀ ಶಬ್ದವೇ ಸಿಕ್ಕಿತು.

ಇನ್ನೊಂದು, ನಮ್ಮ ಮನೆಮಾತು ತುಳು. ಮಾತಿನಲ್ಲಿ ಮಹಾಪ್ರಾಣ ಬರುವುದು ಕಡಿಮೆ. ಕಿವಿಗೆ ಬೀಳದ್ದು ಕೈಗೆ ಹೇಗೆ ಬರಬೇಕು? 'ಊರಿನ ಮಧ್ಯ' ಬರೆಯಲು ಹೋಗಿ 'ಊರಿನ ಮದ್ಯ' ಬರೆಯುವುದು ಮಗಳೊಬ್ಬಳೇ ಅಲ್ಲ, ನಮ್ಮ ಪ್ರೆಸ್ಸಿಗೆ ಬರುವ ದೊಡ್ಡ ದೊಡ್ಡವರ ಭಾಷಣದಲ್ಲೂ ಅದೇ ಕಥೆ. ಇದಕ್ಕೆ ಬೇಕಾದ ಚೌಕ ಆ ಹಾಳೆಯಲ್ಲಿ ಒಂದೂ ಇಲ್ಲ. 1894ರಲ್ಲಿ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದ ಊರು ಇದು, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, ಸೀಸದ ಅಚ್ಚುಮೊಳೆ ಒಂದೊಂದಾಗಿ ಜೋಡಿಸಿ. ಈ ಊರಲ್ಲಿ ಕನ್ನಡಕ್ಕೆ ಅಂತ ಒಂದು ಬೇರೆ ಹಾಳೆ ಮಾಡಲು ಆಗುವುದಿಲ್ಲವಾ? (ಇದೇ ನಿಘಂಟಿನ ಕಥೆ ಹಿಂದೊಮ್ಮೆ ಮಗಳಿಗೆ ಹುರುಪು ಬರಲಿ ಎಂದು ಹೇಳಿದ್ದೆ. "ಅವರೂ ಎಲ್ಲ 10 ಸಲ ಬರೆದ್ರಾ ಪಪ್ಪ?" ಅಂತ ಕೇಳಿದ್ದಳು.)

ಸಣ್ಣಪುಟ್ಟದ್ದು: ಝೆರಾಕ್ಸ್ ಮಸುಕು. ಇಂಗ್ಲಿಷ್ ಹಾಳೆಯಲ್ಲಿ 'ಸೆಂಟೆನ್ಸ್' ಶಬ್ದದ ಎರಡನೇ ಇ ಇರಬೇಕಾದಲ್ಲಿ ಎ ಕೂತಿತ್ತು. ಸ್ಪೆಲ್ಲಿಂಗ್ ಹಾಳೆಯಲ್ಲೇ! ಹೇಳಿದೆ, ನಕ್ಕು ಅಲ್ಲೇ ಪೆನ್ನಿನಲ್ಲಿ ತಿದ್ದಿದರು. ಓಣಿಯಲ್ಲಿ ಸ್ಕೂಟರ್ ನಿಲ್ಲಿಸುವುದು ಕಷ್ಟ. ಮಳೆಗಾಲದಲ್ಲಿ 11 ಮಕ್ಕಳ ಕೊಡೆಯಿಂದ ಚಾವಡಿ ಅರ್ಧ ಒದ್ದೆ. ಫೀಸು ತಿಂಗಳಿಗೆ 800, ಸಂಜೆ 5ರಿಂದ 6:30. ಲೆಕ್ಕವನ್ನೂ ಹೇಳಿಕೊಡುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ.

ಐದು ತಿಂಗಳಾಯಿತು. ಮಾರ್ಕು ಈಗ 7 ಅಥವಾ 8, 10 ಬಂದದ್ದು ಒಮ್ಮೆ ಮಾತ್ರ. ರ‍್ಯಾಂಕು ಬೇಕೆನ್ನುವವರು ಬೇರೆ ಕಡೆ ನೋಡಬಹುದು. ಆದರೆ ಹೋಮ್‌ವರ್ಕ್ ಹೊತ್ತಿನಲ್ಲಿ ನಮ್ಮನೆಯಲ್ಲಿ ಈಗ ಅಳು ಇಲ್ಲ, ಹೆಂಡತಿ ಹೊರಗೆ ಕೂತು ಟಿವಿ ನೋಡುತ್ತಾಳೆ. ಐದರಲ್ಲಿ ನಾಲ್ಕು ಸ್ಟಾರ್. ಒಂದು ಕನ್ನಡದ ಹಾಳೆಗಾಗಿ ಹಿಡಿದಿಟ್ಟಿದ್ದೇನೆ.

ಆ ಹಾಳೆಯ ವಿಷಯ ಟೀಚರಿಗೂ ಹೇಳಿದ್ದೆ. "ಹಾಗಾದ್ರೆ ನೀವೇ ಮಾಡಿ ಕೊಡಿ ಮಾರಾಯ್ರೆ, ನಾನು ಝೆರಾಕ್ಸ್ ಮಾಡಿಸ್ತೇನೆ" ಅಂದುಬಿಟ್ಟರು. ಒತ್ತಕ್ಷರವನ್ನು ಬಿಡಿಸಿ ಬರೆಯುವುದಕ್ಕೆ ಒಂದು ಚೌಕ, ಮದ್ಯ-ಮಧ್ಯದಂಥ ಜೋಡಿಗೆ ಒಂದು, ಅಂಗಡಿ ಬೋರ್ಡಿನ ತಪ್ಪು ಹುಡುಕಿ ತರುವುದಕ್ಕೆ ಒಂದು ಅಂತ ಶುರು ಮಾಡಿದೆ. ಎರಡು ಭಾನುವಾರ ಕಳೆಯಿತು. ಐದು ಚೌಕ ತುಂಬಿದೆ, ನಡುವಿನದು ಇನ್ನೂ ಖಾಲಿ.