ಸಿಇಟಿ ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ? ಇವತ್ತೇ ನೋಡಿ

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತ ಬೆಳೆಯುವ ಕುಟುಂಬ. ಮಗಳು ಪಿಸಿಎಂಬಿ ಓದಿದ್ದಳು, ಒಳ್ಳೆಯ ಅಂಕ ಬಂದಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಸೇರಬೇಕು ಅನ್ನುವುದೊಂದೇ ಆಸೆ. ತಾಲ್ಲೂಕು ಕೇಂದ್ರದ ಒಂದು ಆನ್‌ಲೈನ್ ಸೆಂಟರ್‌ನವರು ‘ಅರ್ಜಿಯಿಂದ ಹಿಡಿದು ಸೀಟ್ ಕೈಗೆ ಬರೋತನಕ ನಮ್ಮ ಜವಾಬ್ದಾರಿ’ ಅಂತ 15 ಸಾವಿರ ತಗೊಂಡರು. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತುವ ಮೊದಲ ಮಗು ಅವಳು, ಅಪ್ಪ ನಂಬಿದರು.

ಆ ಹುಡುಗಿ ಈಗ ಬೆಂಗಳೂರಿನ ಹೊರವಲಯದ ಖಾಸಗಿ ಕಾಲೇಜೊಂದರಲ್ಲಿ, ತಾನು ಕೇಳದ ಎಂಜಿನಿಯರಿಂಗ್ ಬ್ರಾಂಚ್ ಓದುತ್ತಿದ್ದಾಳೆ. ರ‍್ಯಾಂಕ್ ಕೈಕೊಡಲಿಲ್ಲ. ಕೈಕೊಟ್ಟದ್ದು ಅರ್ಜಿ.

ಅರ್ಜಿಯಲ್ಲಿ ಹಾಕಿದ್ದ ಮೊಬೈಲ್ ನಂಬರ್ ಮತ್ತು ಇಮೇಲ್ ಎರಡೂ ಸೆಂಟರ್‌ನವರದ್ದು. ಒಟಿಪಿ ಬರೋದು ಅಲ್ಲಿಗೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಂದೇಶ ಬರೋದೂ ಅಲ್ಲಿಗೇ. ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದರ ದಿನಾಂಕ ಬಂತು, ಪ್ರವೇಶಪತ್ರ ಇಳಿಸಿಕೊಳ್ಳಿ ಅಂತಲೂ ಬಂತು. ಮನೆಯವರಿಗೆ ಯಾರೂ ಹೇಳಲಿಲ್ಲ. ಬೀಜ, ಗೊಬ್ಬರ, ಕೃಷಿ ಸಲಕರಣೆ ಗುರುತಿಸಿ ಹೇಳುವ ಪರೀಕ್ಷೆ ಅದು. ಹುಟ್ಟಿದಾಗಿನಿಂದ ಗದ್ದೆಯಲ್ಲಿ ಬೆಳೆದ ಹುಡುಗಿಗೆ ಅದಕ್ಕಿಂತ ಸಲೀಸಾದ ಪರೀಕ್ಷೆ ಇನ್ನೊಂದಿರಲಿಲ್ಲ. ಗೈರುಹಾಜರಿ ಬಿತ್ತು, ಕೋಟಾ ಹೋಯಿತು.

ಎರಡನೇ ಪೆಟ್ಟು 371ಜೆ ಕಾಲಂನಲ್ಲಿ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿಯ ಕಾಲಂನಲ್ಲಿ. ಅರ್ಜಿ ತುಂಬುವಾಗ ಎಸಿ (ಉಪವಿಭಾಗಾಧಿಕಾರಿ) ಆಫೀಸಿನ ಪ್ರಮಾಣಪತ್ರ ಕೈಯಲ್ಲಿರಲಿಲ್ಲ. ಸೆಂಟರ್‌ನವರು ಅಲ್ಲಿ ‘ಇಲ್ಲ’ ಅಂತ ಒತ್ತಿ ಮುಂದೆ ಹೋದರು. ಆ ಒಂದು ‘ಇಲ್ಲ’ದ ಬೆಲೆ ಎಷ್ಟು ಅಂತ ನಮ್ಮ ಭಾಗದ ಎಷ್ಟೋ ಪಾಲಕರಿಗೆ ಇವತ್ತಿಗೂ ಗೊತ್ತಿಲ್ಲ. 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ರಾಜ್ಯಮಟ್ಟದ ಸಂಸ್ಥೆಗಳಲ್ಲೂ ಶೇ 8ರಷ್ಟು ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇರೆ ಇಲ್ಲ.

ಈ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ. ತಹಶೀಲ್ದಾರರ ಸಹಿ ಇದ್ದ ವಾಸಸ್ಥಳ ಪತ್ರ ಇದಕ್ಕೆ ಬದಲಿ ಆಗೋದಿಲ್ಲ. ಎರಡನ್ನೂ ಒಂದೇ ಅಂದುಕೊಂಡು ಕೆಟ್ಟವರು ಬಹಳ ಜನ. ಸಿಂಧನೂರಿನವರಿಗೆ ಎಸಿ ಆಫೀಸ್ ಲಿಂಗಸುಗೂರಿನಲ್ಲಿ, ಗಂಗಾವತಿ, ಕುಷ್ಟಗಿಯವರಿಗೆ ಕೊಪ್ಪಳದಲ್ಲಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರು, ಇಷ್ಟೂ ಜನರ ವರದಿ ಮುಗಿದ ಮೇಲೆ ಕಡತ ಎಸಿ ಮೇಜಿಗೆ ಹೋಗುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಓಡಾಡಿದರೆ ಆ ಹೊತ್ತಿಗೆ ಇಡೀ ಜಿಲ್ಲೆಯೇ ಸಾಲಿನಲ್ಲಿ ನಿಂತಿರುತ್ತದೆ. ದ್ವಿತೀಯ ಪಿಯುಸಿ ದಸರಾ ರಜೆಯೊಳಗೆ ಇದು ಕೈಯಲ್ಲಿರಬೇಕು. ಮಗುವಿನ ಜನನ ಪತ್ರ, ಒಂದನೇ ಕ್ಲಾಸಿನಿಂದ ಓದಿದ ದಾಖಲೆ, ಅಪ್ಪ ಅಥವಾ ಅಮ್ಮನ ಹುಟ್ಟು ಇಲ್ಲವೇ ವಾಸದ ದಾಖಲೆ, ಪಡಿತರ ಚೀಟಿ: ಇವುಗಳ ಮೂಲ ಪ್ರತಿ ಮತ್ತು ಜೆರಾಕ್ಸ್ ಎರಡನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿ.

ಜಾತಿ, ಆದಾಯ ಪತ್ರಗಳಲ್ಲಿ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಆನ್‌ಲೈನ್ ಅರ್ಜಿ ನೋಡುವುದು ಆ ಸಂಖ್ಯೆಯನ್ನೇ. ಎಸ್‌ಸಿ, ಎಸ್‌ಟಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ ಇಂದ 3ಬಿ ತನಕ ನಮೂನೆ ಎಫ್. ನಮೂನೆ ಎಫ್ ಐದು ವರ್ಷಕ್ಕೆ ಮುಗಿಯುತ್ತದೆ. ಎಂಟನೇ ಕ್ಲಾಸಿಗೆ ಸ್ಕಾಲರ್‌ಶಿಪ್‌ಗಂತ ಮಾಡಿಸಿದ್ದು ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ಅವಧಿಯ ಅಂಚಿಗೆ ಬಂದಿರುತ್ತದೆ, ದಿನಾಂಕ ನೋಡಿ. ಮತ್ತೆ ಹೆಸರು! ಅರ್ಜಿಯಲ್ಲಿರಬೇಕಾದದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು. ನಮ್ಮ ಗಡಿ ಭಾಗದಲ್ಲಿ ಮನೆತನದ ಇನಿಶಿಯಲ್ ಮುಂದೆ ಬರುತ್ತದೆ, ಕೆಲವು ಕಡೆ ಹಿಂದೆ. ಅಂಕಪಟ್ಟಿಯಲ್ಲಿ ‘ಎಚ್. ಶರಣಮ್ಮ’, ಜಾತಿ ಪತ್ರದಲ್ಲಿ ‘ಶರಣಮ್ಮ’, ಆಧಾರ್‌ನಲ್ಲಿ ‘ಶರಣಮ್ಮ ಎಚ್’ ಅಂತಿದ್ದರೆ ಜಾತಿ ಪತ್ರವನ್ನು ನಾಡಕಚೇರಿಯಲ್ಲಿ, ಆಧಾರ್ ಅನ್ನು ಆಧಾರ್ ಕೇಂದ್ರದಲ್ಲಿ ಈಗಲೇ ಸರಿಮಾಡಿಸಿ. ದಾಖಲೆ ಪರಿಶೀಲನೆಯ ದಿನ ಅದು ಆಗುವ ಕೆಲಸವಲ್ಲ.

ಇಂಟರ್‌ಮೀಡಿಯಟ್‌ಗೆ ಕರ್ನೂಲು, ವಿಜಯವಾಡ, ಹೈದರಾಬಾದಿಗೆ ಕಳಿಸುವ ಬಳ್ಳಾರಿ, ರಾಯಚೂರಿನ ಪಾಲಕರಿಗೆ ಒಂದು ಮಾತು. ಸಿಇಟಿ ಸೀಟಿನ ಅರ್ಹತಾ ನಿಯಮದಲ್ಲಿ ಸಾಮಾನ್ಯವಾಗಿ ಮಕ್ಕಳು ಬರುವ ‘ಎ’ ಕಲಂನಲ್ಲಿ ಎರಡು ಷರತ್ತುಗಳಿವೆ: ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸಾಗಿರಬೇಕು. ಏಳನೇ ಕ್ಲಾಸಿಗೇ ಆಚೆ ಕಳಿಸಿ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಅಲ್ಲೇ ಮುಗಿಸಿದ ಮಗುವಿಗೆ ಈ ಕಲಂ ಮುಚ್ಚಿಹೋಗುತ್ತದೆ. ಇದನ್ನು ಹಾಸ್ಟೆಲ್ ಫೀಸು ಕಟ್ಟುವ ಮೊದಲು ಲೆಕ್ಕ ಹಾಕಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಸಮೇತ.

ಈಗ ಮೂರನೇ ಪೆಟ್ಟು, ಎಲ್ಲಕ್ಕಿಂತ ದೊಡ್ಡದು: ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು.

ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟು ಕೊಟ್ಟು ನಿಂತುಬಿಡುತ್ತದೆ. ಅದರ ಕೆಳಗಿರುವ ಆಯ್ಕೆಗಳು ಆಮೇಲೆ ಲೆಕ್ಕಕ್ಕೇ ಇಲ್ಲ. ಹುಡುಗಿಯ ಪಟ್ಟಿಯಲ್ಲಿ ರಾಯಚೂರು ಅಗ್ರಿ ಇತ್ತು, ಹನ್ನೊಂದನೇ ಸಾಲಿನಲ್ಲಿ. ಮೇಲಿನ ಹತ್ತೂ ಆಯ್ಕೆಗಳು, ಸೆಂಟರ್‌ನವರಿಗೆ ಕಮಿಷನ್ ಕೊಡುವ ಖಾಸಗಿ ಕಾಲೇಜುಗಳ ಎಂಜಿನಿಯರಿಂಗ್ ಬ್ರಾಂಚ್‌ಗಳು. ಅಣಕು ಸೀಟು ಹಂಚಿಕೆಯಲ್ಲೇ ಇದು ಎದ್ದು ಕಂಡಿತ್ತು. ಅಣಕು ಹಂಚಿಕೆ ಇರುವುದೇ ಅದಕ್ಕೆ, ಏನು ಬರಬಹುದು ಅಂತ ನೋಡಿ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿಕೊಳ್ಳಲಿಕ್ಕೆ. ಲಾಗಿನ್ ಮನೆಯಲ್ಲಿದ್ದಿದ್ದರೆ ನೋಡುತ್ತಿದ್ದರು.

ಮೊದಲ ಸುತ್ತಿನ ಫಲಿತಾಂಶದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದು ಒತ್ತಿದರೆ ಸೀಟು ಒಪ್ಪಿ ಫೀಸು ಕಟ್ಟಿ ಸೇರಿದಂತೆ, ಮುಂದಿನ ಸುತ್ತು ನಿಮಗಿಲ್ಲ. ಎರಡು ಒತ್ತಿದರೆ ಈ ಸೀಟು ಇಟ್ಟುಕೊಂಡು ಇನ್ನೂ ಮೇಲಿನ ಆಯ್ಕೆಗೆ ಕಾಯಬಹುದು. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಒತ್ತಿದರೆ ಆಟದಿಂದಲೇ ಹೊರಗೆ. ಸೆಂಟರ್‌ನವರು ಒಂದು ಒತ್ತಿ, ‘ನಾಳೆ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಗುತ್ತೆ’ ಅಂತ ಅಪ್ಪನನ್ನು ಹೆದರಿಸಿದರು. ಅವರು ಬಡ್ಡಿಗೆ ತಂದು ಕಟ್ಟಿದರು. ಅಲ್ಲಿಗೆ ಮುಗಿಯಿತು.

ಲಾಗಿನ್ ಬೇರೆಯವರ ಕೈಯಲ್ಲಿದ್ದರೆ ಇನ್ನೊಂದು ಅಪಾಯವೂ ಉಂಟು. 2024ರಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಹಗರಣದಲ್ಲಿ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಸೀಟು ಬೇಡದ ಮಕ್ಕಳ ಲಾಗಿನ್‌ನಿಂದ ಒಳ್ಳೆಯ ಸೀಟು ಹಿಡಿದಿಟ್ಟು ಕೊನೆಗೆ ಖಾಲಿ ಬಿಡುವ ದಂಧೆ ಅದು. ನಿಮ್ಮ ಮಗುವಿನ ಹೆಸರು ಅಂಥ ಪಟ್ಟಿಯಲ್ಲಿ ಬರಬಾರದು.

ಇನ್ನು ‘ಇಂಟರ್‌ವ್ಯೂ’ ಹೆಸರಿನ ಮೋಸ. ಸಿಇಟಿ, ನೀಟ್ ಮೂಲಕ ಸಿಗುವ ಸರ್ಕಾರಿ ಕೋಟಾದ ಸೀಟಿಗೆ ಸಂದರ್ಶನ ಅನ್ನುವುದೇ ಇಲ್ಲ. ‘ಮೆಡಿಕಲ್ ಸೀಟಿಗೆ ಮ್ಯಾನೇಜ್‌ಮೆಂಟ್ ಇಂಟರ್‌ವ್ಯೂ ಇದೆ, ಒರಿಜಿನಲ್ ಅಂಕಪಟ್ಟಿ ತಗೊಂಡು ಬೆಂಗಳೂರಿಗೆ ಬನ್ನಿ’ ಅಂತ ಕರೆದು, ಲಾಡ್ಜಿನ ರೂಮಿನಲ್ಲಿ ಟೈ ಕಟ್ಟಿದವರೊಬ್ಬರು ಮಗುವಿಗೆ ನಾಲ್ಕು ಪ್ರಶ್ನೆ ಕೇಳಿ ‘ಸೆಲೆಕ್ಟ್’ ಅಂದರೆ, ಎದ್ದು ಬನ್ನಿ. ಅಲ್ಲಿ ಕೇಳುವ ದುಡ್ಡು ಕ್ಯಾಪಿಟೇಶನ್, ಅಂದರೆ ನಿಗದಿತ ಫೀಸಿನ ಮೇಲೆ ಸೀಟಿಗಾಗಿ ವಸೂಲಿ ಮಾಡುವ ಹಣ. 1984ರ ಕಾಯ್ದೆಯಲ್ಲಿ ನಿಷಿದ್ಧ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳ ಪದವಿ ಕೋರ್ಸ್‌ಗಳಿಗೆ ನಿಜವಾದ ಸಂದರ್ಶನ ಇರುತ್ತದೆ. ಕರೆ ಅವರ ಸ್ವಂತ ವಿಳಾಸದ ಇಮೇಲ್‌ನಿಂದ ಬಂದಿದೆಯಾ, ಹಣ ಸಂಸ್ಥೆಯ ಖಾತೆಗೆ ಹೋಗುತ್ತಿದೆಯಾ ಅಂತ ನೋಡಿ. ಒಳಗೆ ಮಗುವೊಂದೇ ಹೋಗಲಿ. ‘ಈ ಕೋರ್ಸೇ ಯಾಕೆ?’ ಅನ್ನುವ ಪ್ರಶ್ನೆಗೆ ನೀವು ಬರೆದುಕೊಟ್ಟ ಇಂಗ್ಲಿಷ್ ಪ್ಯಾರಾ ಬಾಯಿಪಾಠ ಒಪ್ಪಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಮನೆ, ಹೊಲ, ಓದಿದ ಶಾಲೆ, ಕಣ್ಣಾರೆ ಕಂಡ ಕೆಲಸದ ಬಗ್ಗೆ ತನ್ನ ಮಾತಲ್ಲೇ ಹೇಳಲು ಬಿಡಿ.

ಈಗಾಗಲೇ ಯಾರ ಕೈಗಾದರೂ ಕೊಟ್ಟುಬಿಟ್ಟಿದ್ದರೆ ಇವತ್ತೇ ಮಾಡಬೇಕಾದದ್ದು: ಅರ್ಜಿಯ ಪ್ರಿಂಟ್ ಕೇಳಿ ಪಡೆದು ಮೊಬೈಲ್ ನಂಬರ್, ಇಮೇಲ್, 371ಜೆ, ಜಾತಿ, ಗ್ರಾಮೀಣ, ಕೃಷಿಕರ ಕೋಟಾ ಕಾಲಂಗಳನ್ನು ಬೆರಳಿಟ್ಟು ಓದಿ. ತಪ್ಪಿದ್ದರೆ ತಿದ್ದುಪಡಿಗೆ ಪ್ರಾಧಿಕಾರ ಅವಕಾಶ ಕೊಡುವ ದಿನಗಳಲ್ಲೇ ಸರಿಮಾಡಿ. ಪಾಸ್‌ವರ್ಡ್ ಬದಲಿಸಿ. ಪರಿಶೀಲನೆ ಆದ ಮೇಲೆ ಸಿಗುವ ಸೀಕ್ರೆಟ್ ಕೀಯನ್ನು ಮಗುವಿನ ನೋಟ್‌ಬುಕ್ಕಿನಲ್ಲಿ ಬರೆದಿಡಿ, ವಾಟ್ಸ್ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒರಿಜಿನಲ್ ಅಂಕಪಟ್ಟಿ ಕಾಲೇಜಿನವರ ಹತ್ತಿರ ಸಿಕ್ಕಿಕೊಂಡಿದ್ದರೆ ಲಿಖಿತವಾಗಿ ವಾಪಸ್ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಸೆಂಟರ್‌ನವರ ಹತ್ತಿರ ಇದ್ದರೆ ಬರವಣಿಗೆಗೆ ಕಾಯಬೇಡಿ, ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಇವತ್ತು ಸಂಜೆಯೇ ಹೋಗಿ ತನ್ನಿ.