ಬುರುಜುಗಳ ಊರಾಗ ವಿಜಾಪುರದ ಮೊಣಕಾಲು (5ಕ್ಕೆ 4 ಸ್ಟಾರ್)

ಮಗಳು ಇಟಲಿಯ ಫ್ಲಾರೆನ್ಸಿನಲ್ಲಿ ಓದುತ್ತಾಳೆ. ಅಲ್ಲಿಂದ ಬಸ್ಸಿನಲ್ಲಿ ಸಾನ್ ಜಿಮಿನ್ಯಾನೊಗೆ ಹೋದ್ವಿ, ಗೈಡ್ ಜೊತೆ ಅರ್ಧ ದಿನದ ನಡಿಗೆ ಅಂತ ಆಕೆಯೇ ಬುಕ್ ಮಾಡಿದ್ದಳು. ಗುಡ್ಡದ ಮೇಲಿನ ಕೋಟೆ ಊರು. ಸಾನ್ ಜೊವಾನ್ನಿ ಅಗಸಿ ದಾಟಿದರೆ ಕಲ್ಲುಹಾಸಿನ ಏರು ಓಣಿ.

ಸಿರಿವಂತ ಮನೆತನಗಳು ಹಟಕ್ಕೆ ಬಿದ್ದು ಕಟ್ಟಿಸಿದ ಗೋಪುರಗಳು ಒಂದು ಕಾಲಕ್ಕೆ 72 ಇದ್ದವಂತೆ, ಈಗ 14. ನಮ್ಮ ವಿಜಾಪುರದ ಉಪಲಿ ಬುರುಜು ಕಾವಲಿಗೆ ಕಟ್ಟಿದ್ದು, ಇವು ಬರೀ ಜಂಬಕ್ಕೆ! ಇವುಗಳಲ್ಲೇ ಎತ್ತರದ ಗೋಪುರ ತೊರ್ರೆ ಗ್ರೊಸ್ಸಾ 54 ಮೀಟರ್, ಗೋಲಗುಮ್ಮಟಕ್ಕಿಂತ ತುಸು ಎತ್ತರ. ಒಳಗೆ ಕಬ್ಬಿಣದ ಮೆಟ್ಟಿಲು. ನಡುವೆ ಮಗಳು "ಅವ್ವಾ, ಸಾಕೇನು?" ಅಂದಳು. ಸಾಕಾಗಿತ್ತು, ಹೇಳಲಿಲ್ಲ. ಮೇಲೆ ನಿಂತರೆ ದ್ರಾಕ್ಷಿ ತೋಟ, ಥೇಟ್ ತಿಕೋಟಾ ಕಡೆಯವು ಗುಡ್ಡ ಹತ್ತಿದಂಗ.

1348ರ ಪ್ಲೇಗು ಊರನ್ನು ಹಣ್ಣು ಮಾಡಿದ್ದು, 1353ರಲ್ಲಿ ಅದು ಫ್ಲಾರೆನ್ಸಿನ ಕೈಗೆ ಹೋದದ್ದು, ಇದನ್ನೆಲ್ಲ ಗೈಡ್ ಚೆನ್ನಾಗಿ ಹೇಳಿದ. ಆದರೆ 1273ರ ಬಾವಿ ಹತ್ತಿರ ಎರಡೇ ನಿಮಿಷ ನಿಲ್ಲಿಸಿ, ವೈನ್ ಅಂಗಡಿಯಲ್ಲಿ ಮುಕ್ಕಾಲು ತಾಸು ಕೂಡಿಸಿದ! ಒಂದು ಸ್ಟಾರ್ ಕಡಿದದ್ದು ಅದಕ್ಕೇ. ನಮ್ಮೂರಿನ ತಾಜ್ ಬಾವಡಿ ಕಂಡವರಿಗೆ ಈ ಬಾವಿ ಸಣ್ಣದು. ಆದರೆ ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚಿನಲ್ಲಿ ಬಿದ್ದ ಗೀರುಗಳಲ್ಲಿ ಬೆರಳಿಟ್ಟು ನೋಡಬೇಕು. ನಡಿಗೆ ಮುಗಿದ ಮೇಲೆ ನಾವಿಬ್ಬರೇ ವಾಪಸ್ ಬಂದು ನೋಡಿದ್ವಿ.

ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕೋದಿಲ್ಲ. ಬಾವಿಯ ಮೆಟ್ಟಿಲ ಮೇಲೆ ಕೂತು, ಚೀಲದಲ್ಲಿದ್ದ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ್ವಿ. ಹೋಗೋರು ಚಪ್ಪಲಿ ಬಿಟ್ಟು ಬೂಟು ಹಾಕ್ಕೊಂಡು ಹೋಗ್ರಿ.