ಕೊಟ್ಟಿಗೆಗೇ ಬಂದ ಕಾಲುಬಾಯಿ ಲಸಿಕೆ: ಐದಕ್ಕೆ ನಾಲ್ಕು ಅಂಕ

ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಬುಡದಲ್ಲಿ ನಮ್ಮ ಮನೆ. ಕೊಟ್ಟಿಗೆಯಲ್ಲಿ ಐದು ಮಲೆನಾಡು ಗಿಡ್ಡ, ಒಂದು ಜರ್ಸಿ. ಆರು ತಿಂಗಳಿಗೊಮ್ಮೆ ಹಾಕುವ ಸರ್ಕಾರದ ಕಾಲುಬಾಯಿ ಲಸಿಕೆ ಮೊನ್ನೆ ಮನೆಬಾಗಿಲಿಗೇ ಬಂತು, ಪುಕ್ಕಟೆ. ದನ ಸಾಕುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಲಸಿಕೆ ಹಾಕುವವರು ಬೆಳಿಗ್ಗೆ ಏಳಕ್ಕೇ ಬಂದರು. ದನ ಬೆಟ್ಟಕ್ಕೆ ಹೋಗುವ ಮೊದಲೇ ಬಂದದ್ದು ದೊಡ್ಡ ಉಪಕಾರ. ಹಿಂದಿನ ಸಲ ಹತ್ತು ಗಂಟೆಗೆ ಬಂದು ಖಾಲಿ ಕೊಟ್ಟಿಗೆ ನೋಡಿ ವಾಪಸ್ ಹೋಗಿದ್ದರು. ಲಸಿಕೆ ಪೆಟ್ಟಿಗೆ ತೆಗೆದು ತೋರಿಸಿ ಎಂದೆ, ಬೇಸರವಿಲ್ಲದೆ ತೋರಿಸಿದರು. ಐಸ್ ಇನ್ನೂ ಗಟ್ಟಿಯಾಗಿತ್ತು. ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಬಿಸಿಯಾದರೆ ಚುಚ್ಚಿಯೂ ಚುಚ್ಚದ ಹಾಗೆ.

ತಕರಾರು ಒಂದೇ, ಆದರೆ ಸಣ್ಣದಲ್ಲ. ಕಾಳಿಗೆ ಚುಚ್ಚಿದ ಸೂಜಿಯನ್ನೇ ಪಕ್ಕದ ಗಂಗೆಯ ಕುತ್ತಿಗೆಗೆ ಹಿಡಿದರು. ತುದಿಯಲ್ಲಿ ರಕ್ತ ಇನ್ನೂ ಆರಿರಲಿಲ್ಲ.

"ತಡೀರಿ, ಸೂಜಿ ಬದಲಿಸಿ."

"ಅಕ್ಕಾ, ಇನ್ನೂ ನಲವತ್ತು ಮನೆ ಇದೆ."

ಇರಲಿ, ಆದರೆ ಚರ್ಮಗಂಟು ರೋಗ ಸೂಜಿಯಿಂದಲೂ ದಾಟುತ್ತದೆ. ಮೈತುಂಬ ಗಂಟೆದ್ದು ನಿಲ್ಲಲಾರದೆ ಬಿದ್ದ ಕರುವಿಗೆ ಗಂಜಿ ಕುಡಿಸುತ್ತ ಕೂತವಳು ನಾನು. ಬಿಡಲಿಲ್ಲ. ಹೊಸ ಸೂಜಿಗಳು ಅವರ ಚೀಲದಲ್ಲೇ ಇದ್ದವು, ಉಳಿದ ಐದಕ್ಕೂ ಬದಲಿಸಿದರು.

ಈ ಘಟ್ಟದ ದಾರಿ ನೋಡಿದಾಗೆಲ್ಲ ನನಗೆ ರೋಗದ ನೆನಪೇ ಬರುತ್ತದೆ. 1860ರ ದಶಕದಲ್ಲಿ, ಅಮೆರಿಕದ ಯುದ್ಧದಿಂದ ಹತ್ತಿಗೆ ಬೆಲೆ ಏರಿದಾಗ, ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಊರೂರಿನ ಎತ್ತು ಒಂದೇ ಬಾನಿಗೆ ಬಾಯಿ ಹಾಕಿದರೆ ಒಂದರ ರೋಗ ಎಲ್ಲಕ್ಕೂ. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ಆಗ ಲಸಿಕೆಯೇ ಇರಲಿಲ್ಲ. ಬ್ರಿಟಿಷ್ ಸರ್ಕಾರ ಪುಣೆಯಲ್ಲಿ ಜಾನುವಾರು ರೋಗದ ಪ್ರಯೋಗಾಲಯ ತೆರೆದದ್ದು 1889ರಲ್ಲಿ. ಸೋಂಕು ಹೊರಗೆ ಹರಡದಿರಲಿ ಎಂದು 1893ರಲ್ಲಿ ಅದನ್ನು ದೂರದ, ಈಗಿನ ಉತ್ತರಾಖಂಡದ ಮುಕ್ತೇಶ್ವರದ ಬೆಟ್ಟಕ್ಕೆ ಒಯ್ದರು. ಹೊರದೇಶದಿಂದ ಬರುವ ಜಾನುವಾರಿಗೆ ಕಟ್ಟುಪಾಡು ಹಾಕಿದ ಕಾಯ್ದೆ 1898ರದ್ದು. ದೊಡ್ಡರೋಗ ಲೋಕದಿಂದಲೇ ಹೋಯಿತೆಂದು ಸಾರಿದ್ದು 2011ರಲ್ಲಿ. ಅಷ್ಟು ವರ್ಷ ಹೀಗೇ ಐಸ್ ಪೆಟ್ಟಿಗೆ ಹೊತ್ತು ಕೊಟ್ಟಿಗೆ ಕೊಟ್ಟಿಗೆ ಅಲೆದವರಿದ್ದಾರೆ. ಅದಕ್ಕೇ ಈ ಕೆಲಸದ ಬಗ್ಗೆ ನನಗೆ ತುಂಬ ಗೌರವ, ಅದಕ್ಕೇ ಸೂಜಿಯ ವಿಷಯದಲ್ಲಿ ಹಟ.

ಲಸಿಕೆಯಾದ ಮೇಲೆ ಜರ್ಸಿಗೆ ಎರಡು ದಿನ ಹಾಲು ಇಳಿಯಿತು, ಮೂರನೇ ದಿನ ಸರಿಹೋಯಿತು. ಗಂಗೆಯ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಬಾವು ಬಂದಿತ್ತು, ಬಿಸಿನೀರ ಬಟ್ಟೆ ಒತ್ತಿದೆ, ಕರಗಿತು. ದಿನ ತುಂಬಿದ ಗಬ್ಬದ ದನವಿದ್ದರೆ ಚುಚ್ಚುವ ಮೊದಲೇ ಹೇಳಿ.

ಮುಂದಿನ ಸಲಕ್ಕೆ ಪೇಟೆಯಿಂದ ಆರು ಸೂಜಿ ನಾನೇ ತಂದಿಟ್ಟುಕೊಳ್ಳುತ್ತೇನೆ.